ಒಂದು ಅಂಗೈ ಬಲಕ್ಕೆ

“ಅಪ್ಪ ಎದ್ದು ಬಂದರೂ ಇದು ತನ್ನ ಕೋವಿ ಅಂತ ಗುರುತು ಹಿಡಿಯಲ್ಲ ಬಿಡಿ ಭಾವಾ,” ಎಂದ ದೊಡ್ಡವ, ಬೆಂಚಿನ ಮೇಲಿದ್ದ ಕೋವಿಯನ್ನು ಎಳೆಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು.

ಮೇಸ್ತ್ರಿಗೆ ಒಳಗೊಳಗೇ ಹಿಗ್ಗು. ಹೆಂಡತಿಯ ತಮ್ಮಂದಿರ ಬಾಯಲ್ಲಿ ಹೊಗಳಿಕೆ ಬರುವುದೆಂದರೆ ಸುಮ್ಮನೆ ಮಾತಲ್ಲ. ದೊಡ್ಡವ ಮರದ ಮಿಲ್ಲಿನಲ್ಲಿ ಗರಗಸ ನಡೆಸುವವನು, ಚಿಕ್ಕವ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವನು. ಇಬ್ಬರಿಗೂ ಸತ್ತ ಅಪ್ಪನಂತೆಯೇ ಬೇಟೆಯ ಹುಚ್ಚು. ಊರಿನ ಕೋವಿಗಳೆಲ್ಲ ಮೇಸ್ತ್ರಿಯ ಕೈಯಲ್ಲೇ ರಿಪೇರಿಯಾಗುತ್ತಿದ್ದರೂ ಅವನು ಒಂದು ಗುಬ್ಬಿಯನ್ನೂ ಕೊಂದವನಲ್ಲ. ಹಿತ್ತಲಿನ ಮಣ್ಣುಗುಡ್ಡೆಗೆ ಗುಂಡು ಹೊಡೆದು ನೋಡುವುದು, ಒರೆಸಿ ಕೊಡುವುದು, ಅಷ್ಟೇ ಅವನ ಶಿಕಾರಿ.

“ಅಕ್ಕಾ, ಭಾವನ್ನೂ ಕರ್ಕೊಂಡು ಹೋಗ್ತೀವಿ ಕಣೇ,” ಎಂದು ಚಿಕ್ಕವ ಒಳಗೆ ಕೂಗಿದ. “ಆ ಕಾಡುಹಂದಿ ಸಾಯೋದನ್ನ ಒಂದ್ಸಲ ನೋಡ್ಲಿ.”

“ಹುಷಾರು ಕಣ್ರೋ, ಪಟಾಕಿಗೇ ಕಿವಿ ಮುಚ್ಕೊಳ್ಳೋ ಮನುಷ್ಯ ಅವ್ರು,” ಎಂದು ಒಳಗಿಂದ ನಗು ಬಂತು.

ಮೇಸ್ತ್ರಿಯೂ ನಕ್ಕ. ಕೋವಿ ಮಾವನ ಕಾಲದ್ದು. ಬೆರಳು ತೂರಿಸಿ ಲಿವರನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಖಾಲಿ ತೋಟೆ ಹೊರಗೆ ಹಾರಿ ಹೊಸದು ನಳಿಗೆಗೆ ಏರುವಂಥದ್ದು. ಬಂದಾಗ ಲಿವರು ತುಕ್ಕಿನಲ್ಲಿ ಕಚ್ಚಿಕೊಂಡಿತ್ತು, ಮರ ಸೀಳಿತ್ತು. ಎಲ್ಲವನ್ನೂ ಬಿಚ್ಚಿ, ಉಜ್ಜಿ, ಸ್ಪ್ರಿಂಗು ಬದಲಿಸಿ, ಸೀಳಿಗೆ ಅಂಟು ಕುಡಿಸಿದ್ದ. ಕೊನೆಗೆ ಗುಡ್ಡೆಗೆ ಹೊಡೆದು ನೋಡಿದರೆ ಗುಂಡು ಒಂದು ಅಂಗೈಯಷ್ಟು ಎಡಕ್ಕೆ! ನಳಿಗೆಯ ತುದಿಯ ಗುರಿಮಣಿ ಒಂದು ಬದಿಗೆ ಸರಿದು ಕೂತಿತ್ತು. ಎಲ್ಲೋ ಬೀಳಿಸಿದ್ದಾರೆ ಎಂದುಕೊಂಡು ಮೆಲ್ಲಗೆ ತಟ್ಟಿ ನಡುವಿಗೆ ತಂದ. ಆಮೇಲೆ ಹೊಡೆದದ್ದೆಲ್ಲ ನೆಟ್ಟಗೆ ಹೋಯಿತು. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹಂದಿ ಬಿದ್ದ ಮೇಲೆ ಅವರೇ ಬಾಯಿ ಬಿಟ್ಟು ಕೇಳಲಿ ಎಂಬ ಸಣ್ಣ ಆಸೆ.

ಆ ಹಂದಿ ಮಿಲ್ಲಿನ ಕಾವಲುಗಾರನನ್ನು ತೊಡೆಯಿಂದ ಹೊಟ್ಟೆಯವರೆಗೆ ಬಗೆದು ಹಾಕಿತ್ತು. ಕರುಳನ್ನು ಕೈಯಲ್ಲಿ ಒತ್ತಿಹಿಡಿದುಕೊಂಡೇ ಗೇಟಿನವರೆಗೆ ತೆವಳಿ ಬಂದು ಸತ್ತಿದ್ದ ಪಾಪದ ಮುದುಕ. ಅದನ್ನು ಹೊಡೆಯಲು ಸರ್ಕಾರದ ಅಪ್ಪಣೆಯೂ ಬಂದಿತ್ತು.

ಬೆಳಗಿನ ಬಿಸಿಲಲ್ಲಿ ಮೂವರೂ ಮಿಲ್ಲಿನ ಹಿಂದಿನ ಮುಳ್ಳುಪೊದೆಯ ಹತ್ತಿರ ಹೋದರು. ಚಿಕ್ಕವ ಕತ್ತಿ ಹಿಡಿದು, ಎರಡು ನಾಯಿಗಳ ಜೊತೆ ಆಚೆ ಕಡೆಯಿಂದ ಎಬ್ಬಿಸುವುದು. ದೊಡ್ಡವ ದಿಮ್ಮಿಗಳ ಮರೆಯಲ್ಲಿ ಕೂತು ಹೊಡೆಯುವುದು.

ಹೊರಡುವಾಗ ಚಿಕ್ಕವ ತಿರುಗಿ ಅಂಗೈ ಎತ್ತಿ ತೋರಿಸಿದ. “ಅಣ್ಣಾ, ಇದನ್ನ ಮರೀಬೇಡ!”

“ಹೋಗಲೋ, ನನಗೇ ಹೇಳಿಕೊಡೋಕೆ ಬಂದ.”

“ಏನದು ಅಂಗೈ?” ಎಂದು ಮೇಸ್ತ್ರಿ ಪಿಸುಗುಟ್ಟಿದ.

“ಅಕ್ಕ ಹೇಳಿಲ್ವಾ? ಅಪ್ಪನ ಕೋವಿ ಎಡಕ್ಕೆ ಎಳೆಯುತ್ತೆ ಭಾವಾ. ಒಂದು ಅಂಗೈ ಬಲಕ್ಕೆ ಇಟ್ಟೇ ಹೊಡೀಬೇಕು. ಅನ್ನ ಕಲಸೋಕೆ ಬರೋ ಮುಂಚೆ ಇದನ್ನ ಕಲಿಸಿದ್ದ ನಮಗೆ. ಬೇರೆಯವರು ಕದ್ದು ಒಯ್ದರೂ ಒಂದು ಮೊಲ ಸಿಗಬಾರದು ಅಂತ ಬೇಕಂತಲೇ ಹಾಗಿಟ್ಟಿದ್ದ ಮುದುಕ.”

ಮೇಸ್ತ್ರಿ ಅವನ ತೋಳು ಹಿಡಿದ. “ಅಯ್ಯೋ, ನಾನು ಅದನ್ನ ನೆಟ್ಟಗೆ…”

ಪೊದೆಯೊಳಗೆ ನಾಯಿಯೊಂದು ಕಿರುಚಿತು. ಕಿರುಚಾಟ ಅರ್ಧಕ್ಕೇ ತುಂಡಾಯಿತು. ಹೊಟ್ಟೆ ಸೀಳಿದ ನಾಯಿ ಮುಳ್ಳಿನ ಮೇಲಿಂದ ಹಳೇ ಗೋಣಿಯಂತೆ ಹಾರಿ ಬಿತ್ತು. ಅದರ ಹಿಂದೆಯೇ ಹಂದಿ ನುಗ್ಗಿತು. ಆದರೆ ಅದು ದಿಮ್ಮಿಗಳ ಕಡೆ ಬರಲಿಲ್ಲ, ಪಕ್ಕದಿಂದ ಓಡಿಬರುತ್ತಿದ್ದ ಚಿಕ್ಕವನ ಕಡೆ ತಿರುಗಿತು. ಅವನು ಬೀಸಿದ ಕತ್ತಿ ಅದರ ಬೆನ್ನಮೂಳೆಗೆ ತಾಕಿ ಸಿಡಿದು ಹೋಯಿತು. ಮರುಗಳಿಗೆ ಅವನು ಅಂಗಾತ ಬಿದ್ದಿದ್ದ. ಹಂದಿ ಅವನ ತೊಡೆಗೆ ಮೂತಿ ಹಾಕಿ, ಹಿಟ್ಟಿನ ಮೂಟೆ ಕುಕ್ಕಿದಂತೆ ಎತ್ತೆತ್ತಿ ಕುಕ್ಕುತ್ತಿತ್ತು. ಪ್ಯಾಂಟು, ಚರ್ಮ, ಮಾಂಸ ಒಟ್ಟಿಗೇ ಹರಿಯುವ ಸದ್ದು ಇಲ್ಲಿಯವರೆಗೂ ಕೇಳಿತು.

“ಅಣ್ಣಾ! ಹೊಡಿಯೋ! ಅಣ್ಣಾ!”

ದೊಡ್ಡವ ಎದ್ದು ನಿಂತು ಕೆನ್ನೆಗೆ ಕೋವಿ ಒತ್ತಿದ.

“ನೆಟ್ಟಗೆ ಇಡೋ!” ಮೇಸ್ತ್ರಿ ಗಂಟಲು ಹರಿಯುವಂತೆ ಕೂಗಿದ. “ಸರಿ ಮಾಡಿಟ್ಟಿದೀನಿ ಅದನ್ನ! ಹಂದಿ ಮೇಲೇ ಇಡು!”

ಮಾತು ಕಿವಿಗೆ ಬಿತ್ತೋ ಇಲ್ಲವೋ, ಭುಜವಂತೂ ಕೇಳಲಿಲ್ಲ. ನಳಿಗೆ ತಾನಾಗಿಯೇ ಒಂದು ಅಂಗೈ ಬಲಕ್ಕೆ ಸರಿಯಿತು. ಢಂ ಎಂದಿತು. ಹಂದಿಯ ಬಲಕ್ಕೆ ಚಿಕ್ಕವನ ಅಂಗಿ ಎಗರಿತು. ಭುಜದಿಂದ ಕೆಂಪು ಚಿಮ್ಮಿ ಅವನ ಮುಖಕ್ಕೇ ಎರಚಿತು. ಅವನು ಕೂಗುವುದನ್ನು ನಿಲ್ಲಿಸಿದ.

“ಕೊಂದೆ. ತಮ್ಮನ್ನ ಕೊಂದೆ…”

“ಬದುಕಿದಾನೆ, ನೋಡು, ಕಾಲು ಒದೀತಿದೆ! ಲಿವರ್ ಎಳಿ! ಹೊಡಿ!”

“ಆಗಲ್ಲ ಭಾವಾ, ಕೈ ತಾನಾಗೇ ಅಲ್ಲಿಗೆ ಹೋಗುತ್ತೆ!” ದೊಡ್ಡವ ಬಿಕ್ಕುತ್ತ ಕೋವಿಯನ್ನು ಮೇಸ್ತ್ರಿಯ ಎದೆಗೆ ತಳ್ಳಿದ. “ನಿಮ್ಮ ಕೈಗೆ ಆ ಚಾಳಿ ಇಲ್ಲ. ನೀವೇ ಹೊಡೀರಿ!”

ಮೇಸ್ತ್ರಿ ಲಿವರನ್ನು ಎಳೆದ. ಬಿಸಿ ತೋಟೆ ಹಾರಿ ಅವನ ಮಣಿಕಟ್ಟು ಸುಟ್ಟಿತು. ಗುಡ್ಡೆಗೆ ಹೊಡೆಯುವಾಗ ಗುಡ್ಡೆ ಅಲುಗುತ್ತಿರಲಿಲ್ಲ. ಇಲ್ಲಿ ಮನುಷ್ಯನೂ ಮೃಗವೂ ಒಂದೇ ಉಂಡೆಯಾಗಿ ಹೊರಳುತ್ತಿದ್ದವು. ಮಣಿಯನ್ನು ಹಂದಿಯ ಮುಂಗಾಲಿನ ಹಿಂದೆ ನೆಟ್ಟಗೆ ಇಟ್ಟು ಒತ್ತಿದ.

ಹಂದಿ ನಡುಗಿತು, ಬೀಳಲಿಲ್ಲ. ಚಿಕ್ಕವನನ್ನು ಬಿಟ್ಟು ಇವನತ್ತ ತಿರುಗಿತು. ಕೋರೆಯಲ್ಲಿ ಬಟ್ಟೆಯ ಚೂರು ಸಿಕ್ಕಿಕೊಂಡಿತ್ತು, ಬಾಯ ನೊರೆ ಕೆಂಪಾಗಿತ್ತು. ಮೇಸ್ತ್ರಿ ಮತ್ತೆ ಲಿವರ್ ಎಳೆದು ಹೊಡೆದ. ದವಡೆ ಹಾರಿತು. ಆದರೂ ಬಂತು. ಮತ್ತೆ ಎಳೆದು, ಅದು ದಿಮ್ಮಿಗೆ ಬಂದು ಗುದ್ದುವ ಹೊತ್ತಿಗೆ, ಹಣೆಗೆ ನಳಿಗೆ ತಾಗಿಸಿಯೇ ಹೊಡೆದ. ಮಿದುಳು, ಮೂಳೆ, ಬಿಸಿರಕ್ತ ಅವನ ಬಾಯೊಳಗೂ ಹೊಕ್ಕಿತು. ಹಂದಿ ಅವನ ಪಾದದ ಮೇಲೆಯೇ ಕುಸಿಯಿತು. ಖಾಲಿಯಾದ ಕೋವಿಯ ಲಿವರನ್ನು ಅವನು ಇನ್ನೂ ಎಳೆಯುತ್ತಲೇ ಇದ್ದ.

ಚಿಕ್ಕವ ಬದುಕಿದ. ತೊಡೆಯ ಹೊಲಿಗೆ ಕೂಡಿಕೊಂಡಿತು. ಭುಜದ ಮೂಳೆ ಕೂಡಲಿಲ್ಲ. ಹಿಟ್ಟು ನಾದುವ ಕೈ ಎದೆಗಿಂತ ಮೇಲೆ ಏಳದೆ ಹೋಯಿತು. ಆಸ್ಪತ್ರೆಯಿಂದ ಅವನನ್ನು ಅಕ್ಕ ತನ್ನ ಮನೆಗೇ ಕರೆತಂದಳು. ದೊಡ್ಡವ ದಿನಾ ಬರುತ್ತಿದ್ದ. ಬಾಗಿಲಲ್ಲೇ ನಿಂತು, ತಮ್ಮನ ಮುಖ ನೋಡದೆ ಹೋಗುತ್ತಿದ್ದ.

ಒಂದು ದಿನ ಅಂಗಡಿಗೆ ಬಂದು ಕೋವಿಯನ್ನು ಬೆಂಚಿನ ಮೇಲಿಟ್ಟ. “ಮೊದಲಿದ್ದ ಹಾಗೇ ಮಾಡಿಬಿಡಿ ಭಾವಾ.”

“ಮುರಿದು ಎಸೀಬೇಕು ಅಂದ್ಕೊಂಡಿದ್ದೆ ನಾನು.”

“ಮುರಿದರೆ ನನ್ನ ಭುಜ ಮರೆಯುತ್ತಾ? ನಾಳೆ ಇನ್ನೊಂದು ಹಂದಿ ಬಂದರೆ ನಾನು ಮತ್ತೆ ಅಲ್ಲೇ ಇಡೋದು.”

ಮೇಸ್ತ್ರಿ ಕೋವಿಯನ್ನು ಬೆಂಚಿನ ಇಕ್ಕಳಕ್ಕೆ ಬಿಗಿದು, ಗುರಿಮಣಿಗೆ ಹಿತ್ತಾಳೆಯ ಉಳಿ ಆನಿಸಿದ. ಎಷ್ಟು ಸರಿಸಬೇಕು? ಅಳೆದಿಟ್ಟುಕೊಂಡಿರಲಿಲ್ಲ.

ಕೈ ಒರೆಸಿಕೊಳ್ಳುತ್ತ ಹೆಂಡತಿ ಹೊರಗೆ ಬಂದಳು. ಏನೂ ಕೇಳದೆ ಬಾಗಿ, ಒಂದು ಕಣ್ಣು ಮುಚ್ಚಿ ನಳಿಗೆಯ ಉದ್ದಕ್ಕೂ ನೋಡಿದಳು. “ನನಗೂ ಕಲಿಸಿದ್ದ ಅಪ್ಪ. ಹೊಡೀರಿ, ನಾನು ಹೇಳ್ತೀನಿ.”

ಅವನು ಸುತ್ತಿಗೆಯಿಂದ ತಟ್ಟಿದ.

“ಇನ್ನೂ.”

ತಟ್ಟಿದ.

“ಇನ್ನೊಂದು ಚೂರು… ಹಾಂ, ಸಾಕು.”

ಆ ಕೊನೆಯ ಪೆಟ್ಟಿಗೆ, ಒಳಕೋಣೆಯಲ್ಲಿ ಚಿಕ್ಕವನ ಕೈಯಿಂದ ಲೋಟ ಜಾರಿ ಬಿದ್ದು, ನೆಲದ ಮೇಲೆ ಉರುಳುತ್ತ ಹೋಯಿತು. ದೊಡ್ಡವ ಚಪ್ಪಲಿ ಕಳಚಿ, ಅದನ್ನು ಎತ್ತಿಕೊಡಲು ಒಳಗೆ ಹೋದ.