ಚೊಂಬು ಕೆಳಗಿಟ್ಟ ದೇವಕಮ್ಮ

ನಮ್ಮ ಕಡೆ ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೆ ಮೊದಲು ಓಡಿ ಬರುವುದು ನೀರಿನ ಚೊಂಬು. ಎಚ್ಚರ ಇರಲಿ, ಇಲ್ಲದಿರಲಿ, ಬಾಯಿಗೆ ನೀರು ಬಿಡುತ್ತೇವೆ. ಪ್ರೀತಿಯಿಂದಲೇ ಬಿಡುತ್ತೇವೆ.

ಶ್ರಾವಣದ ಒಂದು ಬೆಳಿಗ್ಗೆ ಶಹಾಪುರದ ಗುಡ್ಡದ ಮೇಲೆ ಮೋಡ ಇಳಿದಿತ್ತು. ಬಾಡಿಗೆಗೆ ಹಿಡಿದ ಒಂದು ಸಣ್ಣ ವಿಮಾನ ಆ ಮೋಡದಲ್ಲಿ ಗುಡ್ಡಕ್ಕೆ ಬಡಿಯಿತು. ಅದರಲ್ಲಿದ್ದ ಐವರಲ್ಲಿ ನಾಲ್ವರು ಅಲ್ಲೇ ತೀರಿಕೊಂಡರು. ಮೌನಿಕಾ ಎಂಬ ಹುಡುಗಿ ಮಾತ್ರ ದೂರ ಸಿಡಿದು ಪೊದೆಯ ಮೇಲೆ ಬಿದ್ದಿದ್ದಳು. ಎಚ್ಚರವಿರಲಿಲ್ಲ, ಉಸಿರಿತ್ತು.

ಕೆಳಗಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಮೂವರು ಮೇಲೇರಿ ಬಂದರು: ದೇವಕಮ್ಮ, ಆಕೆಯ ಮೈದುನ ಮಲ್ಲಣ್ಣ, ಊರಿನ ಆಶಾ ಕಾರ್ಯಕರ್ತೆಯಾಗಿದ್ದು ಹೊಲದ ಕೆಲಸಕ್ಕೂ ಬರುವ ಸುಮಲತಾ. ದೇವಕಮ್ಮನ ಕೈಯಲ್ಲಿ ಚೊಂಬು ಇತ್ತು.

“ಸಾಯೋ ಜೀವಕ್ಕ ನೀರ ಕೊಡದಿದ್ರ ಪಾಪ ಸುತ್ಕೊಂತದ,” ಎಂದು ಆಕೆ ಚೊಂಬು ಬಗ್ಗಿಸಿದಳು.

ಸುಮಲತಾ ಆಕೆಯ ಕೈ ಹಿಡಿದಳು. “ಎಚ್ಚರಿಲ್ಲ ಯಕ್ಕಾ. ನೀರು ಉಸಿರಿನ ನಾಳಕ್ಕ ಹೋದ್ರ ನಾವ ಕೊಂದಂಗ ಆಗ್ತದ.”

“ಒಂದಿನ ಟ್ರೇನಿಂಗ್ ಕಲ್ತು ನಂಗ ಹೇಳಾಕ ಬಂದ್ಯಾ? ನನ್ನ ಗಂಡ ಸಾಯೋಮುಂದ ಒಂದ್ ಗುಟುಕು ಬಿಡಾಕ ಆಗಲಿಲ್ಲ. ಇನ್ನೂ ಎದಿ ಸುಡಾಕತ್ತದ.”

ಸುಮಲತಾಳಿಗೂ ಅಳುಕಾಯಿತು. ತರಬೇತಿ ಆಗಿದ್ದು ನಿಜಕ್ಕೂ ಒಂದೇ ದಿನ. ಆಕೆ ತುರ್ತು ಸಹಾಯದ 112ಕ್ಕೆ ಫೋನ್ ಹಚ್ಚಿ, ಜಾಗ ಹೇಳಿ, ಮಾತು ಎಲ್ಲರಿಗೂ ಕೇಳುವಂತೆ ಹಿಡಿದಳು. ನೀರು ಬೇಡ, ಎಳೆದಾಡಬೇಡಿ, ತಲೆ ಅಲುಗದಂತೆ ಹಿಡಿಯಿರಿ, ರಕ್ತ ಬರುವಲ್ಲಿ ಸ್ವಚ್ಛ ಬಟ್ಟೆ ಒತ್ತಿರಿ ಎಂದು ಆ ಕಡೆಯವರು ಹೇಳಿದರು. ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಇಳಿಯಲು ಹೊರಟಿದ್ದ ಮಲ್ಲಣ್ಣ ಅದನ್ನು ಬಿಟ್ಟು, ಅಂಬುಲೆನ್ಸಿಗೆ ದಾರಿ ತೋರಿಸಲು ರಸ್ತೆಗೆ ಓಡಿದ.

ದೇವಕಮ್ಮ ಚೊಂಬು ಕೆಳಗಿಟ್ಟಳು. ಹುಡುಗಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಸುಮಲತಾ ಬುತ್ತಿ ಕಟ್ಟಿದ್ದ ಹೊಸ ಬಟ್ಟೆ ಬಿಚ್ಚಿ ಗಾಯಕ್ಕೆ ಒತ್ತಿದಳು. ಮಳೆ ಬಂತು. ಕಾಲು ಜೋಮು ಹಿಡಿದವು. ಸ್ಟ್ರೆಚರ್ ಬರುವ ತನಕ ಒಂದು ತಾಸು ದೇವಕಮ್ಮ ಕೈ ಸಡಿಲಿಸಲಿಲ್ಲ.

ಮೌನಿಕಾ ಬದುಕಿದಳು. ದೀಪಾವಳಿಯ ಹೊತ್ತಿಗೆ ಕೋಲು ಊರಿಕೊಂಡು ದೇವಕಮ್ಮನ ಮನೆಗೆ ಬಂದಳು. ದೇವಕಮ್ಮ ಅದೇ ಚೊಂಬು ತುಂಬಿ ಕೊಟ್ಟಳು.

“ಈಗ ಕುಡಿ ಯವ್ವಾ. ಅವತ್ತ ನಿನಗಂತನ ತಂದಿದ್ದೆ.”

ಅಕ್ಕಂದಿರೇ, ಅಣ್ಣಂದಿರೇ, ಇಂಥ ಹೊತ್ತಿನಲ್ಲಿ ಎಲ್ಲರಿಗೂ ಗಾಬರಿಯಾಗುತ್ತದೆ. ಗೊತ್ತಿಲ್ಲದಿದ್ದರೆ 112ಕ್ಕೆ ಕೇಳಿ, ನಾಚಿಕೊಳ್ಳಬೇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಬಿಡಬೇಡಿ. ಅವರ ಪಕ್ಕದಲ್ಲಿ ಕುಳಿತಿರಿ. ನೀರು ಕೊಡುವ ದಿನ ಆಮೇಲೆ ಬರಲಿ.