ಡಬ್ಬಿಯಿಂದ ಹೊರಬಂದ ಬೂದಿ ಗೂಬೆ

ಮಹದೇವಮ್ಮನವರು ಕಾರ್ಡಾಟದಲ್ಲಿ ಬಹುಮಾನ ಗೆದ್ದರಂತೆ ಎಂಬ ಸುದ್ದಿ ಲಕ್ಷ್ಮೀಪುರಂನ ಅವರ ಬೀದಿಗೆ ಮುಟ್ಟಿದಾಗ ಎದುರು ಮನೆಯ ತಿಮ್ಮಮ್ಮ ಗೇಟಿನ ಹತ್ತಿರವೇ ನಿಂತು, "ಇಸ್ಪೀಟಾ?" ಎಂದು ಗಾಬರಿಯಿಂದ ಕೇಳಿದ್ದರು. ಇಸ್ಪೀಟಲ್ಲ, ದುಡ್ಡು ಕಟ್ಟುವ ಆಟವೂ ಅಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಒಳಗೆ ಕುಕ್ಕರ್ ಮೂರು ಸಲ ಕೂಗಿತ್ತು.

ಮಹದೇವಮ್ಮನವರಿಗೆ ಅರವತ್ತಮೂರು. ಇಲವಾಲದಲ್ಲಿ ಹುಟ್ಟಿದವರು. ಮೂವತ್ತೊಂದು ವರ್ಷ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದರು. ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ ಕಪಾಟಿನಲ್ಲಿ ಜೋಡಿಸುವುದು, ಹಳೆಯ ಹಾಳೆ ಹಾಳಾದರೆ ಅದರಿಂದ ಎಲೆ ಮುರಿಯದಂತೆ ಬಿಡಿಸಿ ಹೊಸ ಹಾಳೆಗೆ ಹಾಕುವುದು ಅವರ ಕೆಲಸ. ಎಂಬತ್ತು ವರ್ಷದ ಹಿಂದಿನ ಹೂವನ್ನೂ ದಳ ಉದುರದಂತೆ ಎತ್ತಬಲ್ಲ ಕೈ ಅದು. ನಿವೃತ್ತಿಯಾದ ಮೇಲೆ ತಂಗಿಯ ಮಗಳು ಸಿಂಚನ ಡಿಗ್ರಿ ಓದಲು ಅವರ ಮನೆಗೆ ಬಂದಳು. ಬರುವಾಗ ಬಟ್ಟೆಯ ಜೊತೆಗೆ ಒಂದು ಶೂ ಡಬ್ಬಿ ತುಂಬ ಬಣ್ಣಬಣ್ಣದ ಕಾರ್ಡುಗಳನ್ನೂ ತಂದಳು. ಕಾಡಿನ ಪ್ರಾಣಿಗಳು, ಮರಗಳು, ಅಣಬೆಗಳು ಒಂದರ ಮೇಲೊಂದು ಯುದ್ಧಕ್ಕೆ ಬೀಳುವ ಆಟ. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಮಹದೇವಮ್ಮ ಮಾತ್ರ ಕಾಡಾಟ ಎಂದೇ ಕರೆದರು. ಸಿಂಚನಳಿಗೆ ಅಭ್ಯಾಸ ಮಾಡಲು ಎದುರಿಗೆ ಯಾರಾದರೂ ಬೇಕಾಗಿತ್ತು. ಮೊದಲ ತಿಂಗಳು ದೊಡ್ಡಮ್ಮ ಸೋತರು. ಎರಡನೆಯ ತಿಂಗಳು ಸರಿಸಮ. ಮೂರನೆಯ ತಿಂಗಳಿನಿಂದ ಸಿಂಚನ ಸೋಲತೊಡಗಿದಳು.

ಬಹುಮಾನ ಬಂದದ್ದು ನಿಶಾಂತನ ಅಂಗಡಿಯಲ್ಲಿ. ಸ್ಟೇಷನರಿ ಅಂಗಡಿಯೊಂದರ ಮಹಡಿಯ ಮೇಲೆ ಅವನು ಇಂಥ ಕಾರ್ಡುಗಳನ್ನು ಮಾರುತ್ತಿದ್ದ. ಪ್ರತಿ ಭಾನುವಾರ ನಾಲ್ಕು ಮೇಜು ಹಾಕಿ ಆಟ ಆಡಿಸುತ್ತಿದ್ದ. ತಿಂಗಳ ಕೊನೆಯ ಪಂದ್ಯದಲ್ಲಿ ಕಾಲೇಜು ಹುಡುಗರನ್ನೂ ಇಬ್ಬರು ಎಂಜಿನಿಯರುಗಳನ್ನೂ ಸೋಲಿಸಿದ ಮಹದೇವಮ್ಮನವರ ಕೈಗೆ ಅವನು ಒಂದು ಗಟ್ಟಿ ಪಾರದರ್ಶಕ ಡಬ್ಬಿ ಕೊಟ್ಟ. ಒಳಗೆ ಬೂದಿ ಗೂಬೆ ಎಂಬ ಕಾರ್ಡು. ಮೇಲೆ ಕೆಂಪು ಪಟ್ಟಿಯ ಲೇಬಲ್, ಅದರಲ್ಲಿ ದೊಡ್ಡದಾಗಿ ಒಂಬತ್ತು. ವಿದೇಶದ ಕಂಪನಿಯೊಂದು ಕಾರ್ಡಿನ ಮೂಲೆ, ಅಂಚು, ಮೈಯನ್ನೆಲ್ಲ ಪರೀಕ್ಷಿಸಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಮತ್ತೆ ಯಾರೂ ತೆಗೆಯದಂತೆ ಡಬ್ಬಿಯ ಅಂಚುಗಳನ್ನು ಬೆಸೆದು ಕಳಿಸಿತ್ತು.

ಮಹದೇವಮ್ಮ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದನ್ನ ಎಂಗಪ್ಪಾ ತೆಗೆಯೋದು?"

"ತೆಗೆಯೋದಾ?" ನಿಶಾಂತನ ಮುಖ ಬಾಡಿತು. "ತೆಗೆಯೋ ಹಾಗಿಲ್ಲ ಅಮ್ಮ. ಹೀಗೇ ಇಟ್ಕೊಳ್ಳೋದು."

"ತೆಗೀದೆ ಆಡೋದೆಂಗೆ?"

"ಆಡೋಕಲ್ಲ ಇದು. ಒಂಬತ್ತು ಬಂದಿದೆ ನೋಡಿ. ಡಬ್ಬಿ ಒಡೆದ್ರೆ ಆ ಒಂಬತ್ತೂ ಹೋಯ್ತು, ಬೆಲೇಲಿ ಅರ್ಧಾನೂ ಹೋಯ್ತು. ಷೋಕೇಸಲ್ಲಿ ಇಡಿ."

"ನಮ್ಮನೇಲಿ ಷೋಕೇಸಿಲ್ಲ ಕಣಪ್ಪ. ನಂಗೆ ಬೇಕಾಗಿರೋದು ಗೂಬೆ, ಒಂಬತ್ತಲ್ಲ."

ಬೂದಿ ಗೂಬೆಯೊಂದು ಕೈಯಲ್ಲಿದ್ದರೆ ಸತ್ತುಹೋದ ಅಣಬೆಗಳನ್ನೆಲ್ಲ ವಾಪಸು ಕರೆಯಬಹುದಿತ್ತು. ಆರು ತಿಂಗಳಿಂದ ಅವರು ಅದಕ್ಕಾಗಿ ಹುಡುಕುತ್ತಿದ್ದರು. ನಿಶಾಂತನಿಗೆ ಅದು ಗೊತ್ತಿತ್ತು. ಆದರೂ ಅವನ ಮನಸ್ಸು ಒಪ್ಪಲಿಲ್ಲ. ಹಿಂದೆ ತಾನೊಂದು ಕಾರ್ಡು ಬಿಚ್ಚಲು ಹೋಗಿ ಆದದ್ದನ್ನು ಹೇಳಿದ: "ಸ್ಕ್ರೂಡ್ರೈವರ್ ಹಾಕಿ ಜೋರಾಗಿ ಮೀಟಿದೆ. ಡಬ್ಬಿ ಟಪ್ ಅಂತು. ತುದಿ ಸೀದಾ ಕಾರ್ಡಿನ ಹೊಟ್ಟೆಗೇ ಹೋಯ್ತು. ಎರಡು ದಿನ ಊಟ ಸೇರ್ಲಿಲ್ಲ ನಂಗೆ."

ಅಂದು ಸಂಜೆಯಿಂದ ಸಿಂಚನ ಮೊಬೈಲಿನಲ್ಲಿ ವಿಡಿಯೋಗಳನ್ನು ಹುಡುಕಿದಳು. ಒಬ್ಬ ಸುತ್ತಿಗೆಯಿಂದ ಹೊಡೆಯುತ್ತಿದ್ದ. ಒಬ್ಬ ಗರಗಸದಿಂದ ಕೊಯ್ಯುತ್ತಿದ್ದ. ಇನ್ನೊಬ್ಬ ಡಬ್ಬಿಯನ್ನು ರಾತ್ರಿಯಿಡೀ ಫ್ರೀಜರಿನಲ್ಲಿಡಿ, ಆಮೇಲೆ ಸುಲಭವಾಗಿ ಮುರಿಯುತ್ತದೆ ಎಂದು ಹೇಳಿಕೊಡುತ್ತಿದ್ದ.

"ಫ್ರೀಜರ್ ಬ್ಯಾಡ," ಎಂದರು ಮಹದೇವಮ್ಮ. "ಹುಳ ಸಾಯ್ಲಿ ಅಂತ ನಾವೂ ಗಿಡದ ಹಾಳೆಗಳನ್ನ ಫ್ರೀಜರಲ್ಲಿ ಇಡ್ತಿದ್ವಿ. ಈಚೆಗೆ ತೆಗೆದ ತಕ್ಷಣ ಕವರ್ ಬಿಚ್ಚಿದ್ರೆ ಹಾಳೆಯೆಲ್ಲ ಬೆವರೋದು. ಗೂಬೆಗೆ ನೀರು ತಾಕಿದ್ರೆ ಉಬ್ಬೋಯ್ತದೆ."

ಮೂರು ದಿನ ಅವರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಲಸದ ದಿನಗಳ ಭೂತಗನ್ನಡಿಯಲ್ಲಿ ನೋಡುತ್ತ ಕೂತರು. ಎರಡು ಹೋಳು ಎಲ್ಲಿ ಸೇರುತ್ತವೆ, ಬೆಸುಗೆ ಎಲ್ಲಿ ದಪ್ಪ, ಕಾರ್ಡಿಗೂ ಅಂಚಿಗೂ ನಡುವೆ ಎಷ್ಟು ಜಾಗ ಎಂಬುದೆಲ್ಲ ಕಣ್ಣಿಗೆ ಪರಿಚಯವಾಯಿತು. ಲೇಬಲ್ ಇರುವ ತುದಿಯಲ್ಲಿ ಕಾರ್ಡು ದೂರವಿತ್ತು. ಕತ್ತರಿಸುವುದಾದರೆ ಅಲ್ಲಿಂದಲೇ. ನಾಲ್ಕನೆಯ ದಿನ ನಿಶಾಂತನಿಗೆ ಫೋನ್ ಮಾಡಿದರು.

"ಶನಿವಾರ ಬೆಳಿಗ್ಗೆ ಬಿಚ್ತೀನಿ ಕಣಪ್ಪ. ನೀನೂ ಬಾ. ಕಾರ್ಡು ನಿಂದಾಗಿತ್ತು, ನೀನಿಲ್ದೆ ಬಿಚ್ಚೋಕೆ ಮನಸ್ಸಾಗ್ತಾ ಇಲ್ಲ."

"ಬರ್ತೀನಿ ಅಮ್ಮ. ಏನೂ ಮುಟ್ಬೇಡಿ ಅಲ್ಲೀವರೆಗೂ," ಎಂದ.

ಶನಿವಾರ ಒಂಬತ್ತಕ್ಕೆಲ್ಲ ಬಂದ. ಕೈಚೀಲದಲ್ಲಿ ಕಟಿಂಗ್ ಪ್ಲೇಯರ್, ಚಪ್ಪಟೆ ತುದಿಯ ಚಿಕ್ಕ ಸ್ಕ್ರೂಡ್ರೈವರ್, ಕಣ್ಣಿಗೆ ಹಾಕುವ ಪ್ಲಾಸ್ಟಿಕ್ ಕನ್ನಡಕ ಮೂರು. ಇವುಗಳ ಜೊತೆಗೆ ಇನ್ನೊಂದು ಮುಚ್ಚಿದ ಡಬ್ಬಿ. ಒಳಗೆ ನಾಲ್ಕು ಅಂಕದ, ಮೂಲೆ ಸವೆದ ಒಂದು ಆಮೆ.

"ಇದರಲ್ಲಿ ಮೊದಲು ಕೈ ಪಳಗಿಸ್ಕೊಳ್ಳಿ," ಎಂದ. "ಹೋದ್ರೆ ಆಮೆ ಹೋಗ್ಲಿ."

ಮಹದೇವಮ್ಮನವರಿಗೆ ಹುಡುಗನ ಮೇಲೆ ಅಕ್ಕರೆ ಉಕ್ಕಿತು. ಫ್ಯಾನ್ ಆರಿಸಿದರು. ಊಟದ ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ, ಮೆತ್ತನೆಯ ಬ್ರಷ್, ಕಾರ್ಡು ಬಂದ ಕೂಡಲೇ ಸೇರಿಸಲು ಒಂದು ಹೊಸ ಪ್ಲಾಸ್ಟಿಕ್ ಕವರ್ ಇಟ್ಟುಕೊಂಡರು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡರು. ಮೂವರೂ ಕನ್ನಡಕ ಹಾಕಿಕೊಂಡಾಗ ಸಿಂಚನಳಿಗೆ ನಗು ತಡೆಯಲಾಗಲಿಲ್ಲ.

ಆಮೆಯ ಡಬ್ಬಿಯ ಮೇಲಿನ ಮೂಲೆಯನ್ನು ಪ್ಲೇಯರಿನಿಂದ ಚೂರು ಚೂರೇ ಕಚ್ಚಿ ಕತ್ತರಿಸಿದರು. ಎರಡನೆಯ ಕಚ್ಚಿಗೆ ಒಂದು ಚೂರು ಚಿಮ್ಮಿ ನಿಶಾಂತನ ಕನ್ನಡಕಕ್ಕೆ ಬಡಿಯಿತು. ಅಲ್ಲಿಂದ ಮುಂದಿನ ಪ್ರತಿ ಕಚ್ಚಿಗೂ ಮೇಲೆ ಟವೆಲಿನ ತುದಿ ಮುಚ್ಚಿದರು. ಬಾಯಿ ಬಿಟ್ಟ ಮೂಲೆಯಲ್ಲಿ ಸ್ಕ್ರೂಡ್ರೈವರ್ ತೂರಿಸಿ, ಒತ್ತದೆ, ಬರೀ ತಿರುಗಿಸಿದರು. ಟಿಕ್ ಎಂದಿತು. ಒಂದು ಬೆರಳಷ್ಟು ಸರಿಸಿ ಮತ್ತೆ ತಿರುಗಿಸಿದರು. ಮತ್ತೆ ಟಿಕ್. ಬೆಸುಗೆ ಬಿಡುವ ಸದ್ದು ಸಣ್ಣದು, ಪ್ಲಾಸ್ಟಿಕ್ ಬಿರಿಯುವ ಸದ್ದು ಚೂಪು ಎಂದು ಹತ್ತು ನಿಮಿಷದಲ್ಲಿ ಕಿವಿಗೆ ಗೊತ್ತಾಯಿತು. ಆಮೆ ಗಾಯವಿಲ್ಲದೆ ಈಚೆಗೆ ಬಂತು.

ಗೂಬೆಯ ಸರದಿ. ಲೇಬಲ್ಲಿನ ತುದಿ ಸುಲಭವಾಗಿ ಬಿಟ್ಟುಕೊಟ್ಟಿತು. ಎಡ ಅಂಚು ಅರ್ಧದವರೆಗೆ ಸಲೀಸಾಗಿ ಬಂದು ಅಲ್ಲಿ ನಿಂತುಬಿಟ್ಟಿತು. ತಿರುಗಿಸಿದರೆ ಚೂಪಾದ ಸದ್ದು. ಕಾರ್ಡಿನ ಮೂಲೆಗೂ ಉಪಕರಣದ ತುದಿಗೂ ಅಕ್ಕಿಕಾಳಿನಷ್ಟೇ ಅಂತರ.

"ಇನ್ನೊಂಚೂರು ಒತ್ತಿ, ಬಂದ್ಬಿಡುತ್ತೆ," ಎಂದ ನಿಶಾಂತ. ಅವನ ಹಣೆಯಲ್ಲಿ ಬೆವರಿತ್ತು.

ಮಹದೇವಮ್ಮ ಉಪಕರಣವನ್ನು ಕೆಳಗಿಟ್ಟರು. "ಒತ್ತಿದ್ರೆ ನೀನು ಮಾಡಿದ್ದೇ ಆಯ್ತದೆ. ಸಿಂಚು, ಟೀ ಇಡಮ್ಮ."

ಟೀ ಕುಡಿಯುವವರೆಗೂ ಯಾರೂ ಡಬ್ಬಿಯ ಕಡೆ ಕೈ ಚಾಚಲಿಲ್ಲ. ನಿಶಾಂತ ಆ ಕಾರ್ಡಿನ ಕತೆ ಹೇಳಿದ. ಎಂಟನೆಯ ಕ್ಲಾಸಿನಲ್ಲಿದ್ದಾಗ ಒಂದು ಪ್ಯಾಕೆಟ್ಟಿನಲ್ಲಿ ಸಿಕ್ಕಿದ್ದು. ಸಮಾಜ ಪುಸ್ತಕದೊಳಗೆ ಇಟ್ಟುಕೊಂಡು ತಿರುಗುತ್ತಿದ್ದನಂತೆ. ಅಂಗಡಿ ತೆರೆದ ವರ್ಷ ಪರೀಕ್ಷೆಗೆ ಕಳಿಸಿದ. ಆಮೇಲೆ ಅದನ್ನು ಮುಟ್ಟಿಯೇ ಇರಲಿಲ್ಲ. ಮನೆಯ ಗೋಡೆಗೆ ನೇತುಹಾಕಿ ನೋಡುತ್ತಿದ್ದ, ಅಷ್ಟೆ.

ಲೋಟ ತೊಳೆದಿಟ್ಟು, ಮತ್ತೆ ಕೈ ಒರೆಸಿಕೊಂಡು ಮಹದೇವಮ್ಮ ಡಬ್ಬಿಯನ್ನು ಮಗ್ಗುಲು ತಿರುಗಿಸಿದರು. ಈ ಸಲ ಬಲ ಅಂಚಿನಿಂದ ಶುರು ಮಾಡಿದರು. ಟಿಕ್. ಟಿಕ್. ಕೆಳಗಿನ ಅಂಚೂ ಬಂತು. ಸುತ್ತಲಿನ ಬಿಗಿ ಸಡಿಲವಾದ ಮೇಲೆ, ಮೊಂಡು ಹಿಡಿದಿದ್ದ ಜಾಗ ತಾನಾಗಿಯೇ ಬಿಟ್ಟುಕೊಂಡಿತು. ಮೇಲಿನ ಹೋಳನ್ನು ನೇರವಾಗಿ ಎತ್ತಿದರು. ಸಿಂಚನ ಕಾರ್ಡು ಎತ್ತಲು ಬೆರಳು ಚಾಚಿದಳು.

"ತಡಿ ತಡಿ! ಚೂರುಗಳವೆ."

ಬ್ರಷ್‌ನಿಂದ ಚೂರುಗಳನ್ನೆಲ್ಲ ಹೊರಗೆ ಸವರಿದರು. ಹಾಳೆಯ ಒಂದು ಪಟ್ಟಿ ಕತ್ತರಿಸಿ, ಒಣ ಎಲೆಯ ಕೆಳಗೆ ತೂರಿಸುತ್ತಿದ್ದಂತೆಯೇ ಕಾರ್ಡಿನ ಕೆಳಗೆ ತೂರಿಸಿದರು. ಗೂಬೆ ಪಟ್ಟಿಯ ಮೇಲೆ ಕೂತು ಎದ್ದು ಬಂತು. ನಾಲ್ಕು ಮೂಲೆಗಳನ್ನೂ ಭೂತಗನ್ನಡಿಯಲ್ಲಿ ನೋಡಿದರು. ಒಂದು ಗೀರಿಲ್ಲ.

ಅವರು ಅದನ್ನು ಮೊದಲು ನಿಶಾಂತನ ಕೈಗೆ ಕೊಟ್ಟರು. ಅವನು ಅಂಚು ಹಿಡಿದು, ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿದ.

"ಬೆನ್ನು ತರಿತರಿ ಇದೆ," ಎಂದ. "ಮರೆತೇ ಹೋಗಿತ್ತು ನಂಗೆ."

"ವಾಪಸ್ ಬೇಕಾದ್ರೆ ಇಟ್ಕೋ ಕಣಪ್ಪ. ನಂಗೇನೂ ಬೇಜಾರಿಲ್ಲ."

ಹಾಗೆ ಹೇಳುವಾಗ ಮಹದೇವಮ್ಮನವರಿಗೆ ಸ್ವಲ್ಪ ಬೇಜಾರಿತ್ತು. ನಿಶಾಂತ ಬೇಡವೆಂದು ತಲೆಯಾಡಿಸಿದ. "ಗೆದ್ದಿದ್ದೀರಿ ನೀವು. ಲೇಬಲ್ ಮಾತ್ರ ನಂಗೆ ಕೊಡಿ. ಅದರ ಮೇಲಿರೋ ನೋಂದಣಿ ನಂಬರ್ ಇನ್ನು ಲೆಕ್ಕಕ್ಕಿಲ್ಲ ಅಂತ ಕಂಪನಿಗೆ ಬರೀಬೇಕು."

"ಅಂಗಾದ್ರೆ ಮೊದಲನೇ ಆಟ ನೀನೇ ಆಡು ಇದರಲ್ಲಿ. ನನ್ನ ಕಾರ್ಡಿನ ಕಟ್ಟು ತಗೋ. ನಾನು ಸಿಂಚನಂದ್ರಲ್ಲಿ ಆಡ್ತೀನಿ."

ಟವೆಲನ್ನು ಚೂರುಗಳ ಸಮೇತ ಜೋಪಾನವಾಗಿ ಮಡಚಿ ಹೊರಗೆ ಕೊಡವಿ ಬಂದರು. ಗೂಬೆಗೆ ಕವರ್ ಹಾಕಿ ಕಟ್ಟಿಗೆ ಸೇರಿಸಿದರು. ಆರನೆಯ ಸರದಿಗೆ ಗೂಬೆ ನಿಶಾಂತನ ಕೈಗೆ ಬಂತು. ಅವನು ಅದನ್ನು ಮೇಜಿನ ಮೇಲೆ ಬೀಳಿಸಿದ ರಭಸ ನೋಡಬೇಕಿತ್ತು. ಸತ್ತ ಅಣಬೆಗಳು ಒಂದರ ಹಿಂದೊಂದು ಎದ್ದು ಬಂದವು. ಮಹದೇವಮ್ಮನವರ ಕೋಟೆ ಎರಡೇ ಸುತ್ತಿನಲ್ಲಿ ಉರುಳಿತು.

"ಅಯ್ಯೋ, ನನ್ನ ಗೂಬೇಲಿ ನನ್ನೇ ಸೋಲಿಸ್ಬುಟ್ಟಲ್ಲೋ!"

"ಇನ್ನೊಂದಾಟ ಆಡೋಣ ಅಮ್ಮ," ಎಂದ ನಿಶಾಂತ, ಕುರ್ಚಿಯನ್ನು ಮುಂದಕ್ಕೆಳೆದುಕೊಳ್ಳುತ್ತ. ಅಂಗಡಿಯ ಬಾಗಿಲು ಹನ್ನೊಂದಕ್ಕೆ ತೆರೆಯಬೇಕಿತ್ತು. ಅಂದು ತೆರೆದದ್ದು ಎರಡೂವರೆಗೆ. ನಡುವೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಆಯಿತು.

ಮರುದಿನದ ಪಂದ್ಯದಲ್ಲಿ ಮಹದೇವಮ್ಮ ಎರಡನೆಯ ಸುತ್ತಿನಲ್ಲಿ ರಾಜೇಶ್ ಎಂಬ ಎಂಜಿನಿಯರಿಗೆ ಸೋತರು. ಗೂಬೆ ಕಟ್ಟಿನ ತಳದಲ್ಲಿ ಕೂತು ಮೇಲೇಳಲೇ ಇಲ್ಲ. ಅವರಿಗೆ ಅದೇನೂ ದೊಡ್ಡದೆನಿಸಲಿಲ್ಲ. ಮೊದಲ ಸುತ್ತಿನಲ್ಲಿ ಬಂದಿತ್ತು, ಆಡಿದ್ದರು, ಎದುರಿಗಿದ್ದವನು ಬಾಯಿ ಬಿಟ್ಟು ನೋಡಿದ್ದ.

ಎರಡು ವಾರದ ಮೇಲೆ ನಿಶಾಂತ ಮತ್ತೆ ಬಂದ. ಚೀಲದಲ್ಲಿ ಅವನವೇ ಮೂರು ಡಬ್ಬಿಗಳಿದ್ದವು. ಮೊದಲನೆಯದನ್ನು ಮಹದೇವಮ್ಮ ಬಿಚ್ಚಿದರು. ಎರಡನೆಯದನ್ನು ಅವರು ಪಕ್ಕದಲ್ಲಿ ಕೂತು ಹೇಳಿಕೊಟ್ಟಂತೆ ಅವನೇ ಬಿಚ್ಚಿದ. ನಲವತ್ತು ನಿಮಿಷ ಹಿಡಿಯಿತು. ಕಾರ್ಡು ಹೊರಗೆ ಬಂದಾಗ ಅವನ ಮುಖವೆಲ್ಲ ನಗು. ಮೂರನೆಯ ಡಬ್ಬಿಯನ್ನು ತೆಗೆದು ಸ್ವಲ್ಪ ಹೊತ್ತು ಬೆಳಕಿಗೆ ಹಿಡಿದು ನೋಡಿ, ಮತ್ತೆ ಚೀಲಕ್ಕೇ ಹಾಕಿಕೊಂಡ.

"ಇದು ಹೀಗೇ ಇರ್ಲಿ ಅಮ್ಮ. ನೋಡೋಕೇ ಚೆನ್ನಾಗಿದೆ."

"ಇರ್ಲಿ ಬುಡು," ಎಂದು ಮಹದೇವಮ್ಮ ಕಾರ್ಡು ಕಲೆಸತೊಡಗಿದರು.