ನೆಲಮಾಳಿಗೆಯ ಸಾಮಾನು

ಅರ್ಧ ವರ್ಷ ಹಿಮ ಬೀಳುವ ನಮ್ಮ ಡಾಫಿನ್ ಊರಿನಲ್ಲಿ ಮನೆ ಕಟ್ಟುವವರಿಗೆ ನೆಲಮಾಳಿಗೆಯನ್ನು ಬೆಚ್ಚಗಿಡುವುದೇ ದೊಡ್ಡ ತಲೆನೋವು. ಮೇಲಿನದನ್ನು ಆಮೇಲೆ ಹೇಗಾದರೂ ತಿದ್ದಿಕೊಳ್ಳಬಹುದು. ನೆಲದೊಳಗೆ ಬಿಸಿನೀರಿನ ಕೊಳವೆ ಬೇಕೆಂದರೆ ಮಾತ್ರ ಕಾಂಕ್ರೀಟ್ ಸುರಿಯುವ ಮುಂಚೆಯೇ ಹಾಸಬೇಕು. ಸುರಿದ ಮೇಲೆ ಮುಗಿಯಿತು; ಗೋಡೆಗೊಂದು ಕರೆಂಟಿನ ಹೀಟರ್ ತಗುಲಿಸಿ, ಉಣ್ಣೆಯ ಕಾಲುಚೀಲ ಏರಿಸಿಕೊಂಡು ಹಲ್ಲು ಕಡಿಯುತ್ತಾ ವಸಂತಕ್ಕೆ ಕಾಯಬೇಕು.

ಹೊಸ ಮನೆಯಲ್ಲಿ ತಾಯಿ ಪರಾಸ್ಕಾಳ ಹಾಸಿಗೆ ನೆಲಮಾಳಿಗೆಯಲ್ಲೇ ಎಂದು ಮಿರೊನ್ ಮತ್ತು ಅವನ ಹೆಂಡತಿ ಯಾವಾಗಲೋ ತೀರ್ಮಾನಿಸಿಯಾಗಿತ್ತು. ಮೇಲೆ ಮೂರು ಕೋಣೆ: ಒಂದು ಇವರಿಗೆ, ಒಂದು ಮಗಳಿಗೆ, ಇನ್ನೊಂದು ನೆಂಟರಿಗೆ. ಯಾವಾಗಲೋ ಒಮ್ಮೆ ಬರುವ ನೆಂಟರಿಗೆ ದೊಡ್ಡ ಕಿಟಕಿ, ಹೆತ್ತವಳಿಗೆ ನೆಲದಡಿ. ಇದು ನಾಲ್ಕು ಜನರೆದುರು ಹೇಳುವ ಮಾತಲ್ಲ ಎಂದು ಅವನಿಗೂ ಗೊತ್ತಿತ್ತು. ಅದರಲ್ಲೂ ಮನೆ ಕಟ್ಟಿಕೊಡುತ್ತಿದ್ದ ಒರೆಸ್ಟ್ ಮುಂದೆ ಹೇಳುವುದು ಹೇಗೆ? ಒಂದೇ ಶಾಲೆಯಲ್ಲಿ ಓದಿದವನು. ತನ್ನ ತಾಯಿಯನ್ನು ಬೀದಿ ಕಾಣುವ ಮುಂದಿನ ಕೋಣೆಯಲ್ಲಿ ಇಟ್ಟುಕೊಂಡವನು.

ನೆಲಮಾಳಿಗೆಗೆಂದು ತೋಡಿ ಜಲ್ಲಿ ಹಾಸಿದ ತಗ್ಗಿನಲ್ಲಿ ನಿಂತು ಒರೆಸ್ಟ್ ಕೇಳಿದ. "ಏನೋ ಮಿರೊನ್, ನೆಲಕ್ಕೆ ಕೊಳವೆ ಹಾಸ್ಲೋ, ಗೋಡೆಗೆ ಹೀಟರ್ ಸಾಕೋ? ನಾಳೆ ಕಾಂಕ್ರೀಟ್ ಲಾರಿ ಬರುತ್ತೆ. ಇಲ್ಲಿ ಯಾರಿರ್ತಾರೆ ಹೇಳು."

"ಯಾರೂ ಇರಲ್ಲ ಕಣೋ. ಬರೀ ಸಾಮಾನು."

"ಸಾಮಾನಿಗೇನು ಚಳಿಯಾಗುತ್ತೇನೋ! ಹಂಗಾದ್ರೆ ಒಂದು ಪುಟಾಣಿ ಹೀಟರ್ ಸಾಕು ಬಿಡು."

ಮಿರೊನ್ ತಲೆ ಎತ್ತಿದರೆ, ಏಣಿಯ ತುದಿಯಲ್ಲಿ ಪರಾಸ್ಕಾ ನಿಂತಿದ್ದಳು. ಕೆಲಸದವರಿಗೆಂದು ಎಲೆಕೋಸು ತುಂಬಿ ಬೇಯಿಸಿದ ಬನ್ನುಗಳ ಬುಟ್ಟಿ ಕೈಯಲ್ಲಿತ್ತು.

"ಹೌದಪ್ಪ, ಸಾಮಾನೇ," ಎಂದು ನಕ್ಕಳು. "ನನ್ನ ಉಪ್ಪು ಸೌತೆಕಾಯಿ ಜಾಡಿಗಳಿಗೇ ಒಂದು ಗೋಡೆ ಪೂರ್ತಿ ಬೇಕು."

ಮಗನ ಸುಳ್ಳಿಗೆ ತಾಯಿ ಸೆರಗು ಹೊದಿಸಿದ್ದಳು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಮಿರೊನ್‌ಗೆ. ಅದು ಬಾಯಿಬಿಟ್ಟೇ ಇತ್ತು, ಅವನು ಅದರೊಳಗೇ ನಿಂತಿದ್ದ. ಮನೆಗೆ ಮರಳುವಾಗ ಅವಳು "ತಿನ್ನೋ, ಆರೋಗುತ್ತೆ," ಎಂದು ಬನ್ನು ಕೊಟ್ಟಳು. ಅವನು ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಮರುದಿನ ಲಾರಿ ಹಿಂದಕ್ಕೆ ಸರಿಯುತ್ತಾ ತಗ್ಗಿನ ಅಂಚಿಗೆ ಬಂತು. ಜಲ್ಲಿಯ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಪರಾಸ್ಕಾ ಯಾರಿಗೂ ಹೇಳದೆ ಕೆಳಗಿಳಿದು, ಮೂಲೆಯೊಂದರಲ್ಲಿ ಪಾದಕ್ಕೆ ಪಾದ ಕೂಡಿಸಿ ಏನೋ ಅಳೆಯುತ್ತಿದ್ದಳು. ಉದ್ದಕ್ಕೆ ಅಳೆದಳು, ಅಡ್ಡಕ್ಕೆ ಅಳೆದಳು. ಅದು ಜಾಡಿಗಳ ಅಳತೆಯಲ್ಲ, ಮಂಚದ ಅಳತೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಕಾಂಕ್ರೀಟ್ ಇನ್ನೂ ಬಿದ್ದಿರಲಿಲ್ಲ.

"ನಿಲ್ಸೋ!" ಎಂದು ಮಿರೊನ್ ಕೂಗಿದ. ಕಿವಿಯವರೆಗೆ ಕೆಂಪಾಗಿದ್ದ. ಕೆಲಸದವರೆಲ್ಲ ತಿರುಗಿ ನೋಡಿದರು. "ನಿನ್ನೆ ಸುಳ್ಳು ಹೇಳ್ದೆ ಕಣೋ ಒರೆಸ್ಟ್. ಇಲ್ಲಿ ಮಲಗೋಳು ನಮ್ಮಮ್ಮ. ಕೊಳವೆ ಹಾಸು."

ಒರೆಸ್ಟ್ ಕೈಗವಸು ಕಳಚಿದ. "ಗೊತ್ತು. ಈಸ್ಟರ್‌ನಿಂದ ನಿಮ್ಮಮ್ಮ ಚರ್ಚಲ್ಲಿ ಕಂಡಕಂಡೋರಿಗೆಲ್ಲ ಹೇಳ್ತಿದಾರೆ, ನನ್ನ ಮಗ ನಂಗೇ ಅಂತ ಒಂದು ಕೋಣೆ ಕಟ್ಟಿಸ್ತಿದಾನೆ ಅಂತ. ನಿನ್ನ ಬಾಯಿಂದ್ಲೇ ಬರ್ಲಿ ಅಂತಿದ್ದೆ. ಕೊಳವೆ ಗಾಡೀಲೇ ಇದೆ."

ತಾನು ಬಚ್ಚಿಟ್ಟದ್ದನ್ನೇ ಅವಳು ಹೆಮ್ಮೆಯಿಂದ ಊರಿಗೆಲ್ಲ ಹಂಚಿಬಂದಿದ್ದಳು. ಮಿರೊನ್‌ಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಅಯ್ಯೋ, ನೆಲ ಬೆಚ್ಚಗಾದ್ರೆ ನನ್ನ ಸೌತೆಕಾಯಿ ಕೆಟ್ಟೋಗುತ್ತಲ್ಲೋ!" ಎಂದಳು ಪರಾಸ್ಕಾ ಮೂಲೆಯಿಂದ. ಆಮೇಲೆ ಅವಳಿಗೇ ಉಪಾಯ ಹೊಳೆಯಿತು. "ಹೋಗ್ಲಿ ಬಿಡು. ಜಾಡಿಗಳ್ನ ಮೇಲೆ ನೆಂಟರ ಕೋಣೇಲಿಟ್ರಾಯ್ತು. ಅದು ಹೇಗೂ ಖಾಲಿ, ತಣ್ಣಗೆ ತಾನೇ ಇರೋದು."

ಆ ಮಾತಿನಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಇದ್ದಿದ್ದರೆ ಮಿರೊನ್ ತಲೆ ಎತ್ತಿ ಅವಳನ್ನು ನೋಡಬಹುದಿತ್ತು.